ಗೂಡಿನೊಳಗಿನ ಕೈ

ಬಿಳಿ ಗಿನಿಪಿಗ್ ಕಂದು ಗಿನಿಪಿಗ್ಗಿನ ಕಿವಿಗೆ ಬಾಯಿ ಹಾಕಿದ್ದೇ ತಡ, ದರ್ಜಿಯ ಹೆಂಡತಿ ಹಿಂದೆಮುಂದೆ ನೋಡದೆ ಗೂಡಿನೊಳಗೆ ಕೈ ತೂರಿಸಿದಳು. ಗಂಡಹೆಂಡತಿ ಇಬ್ಬರೂ ಹಿಂದೆಂದೂ ಪ್ರಾಣಿ ಸಾಕಿದವರಲ್ಲ. "ಅಣ್ಣತಮ್ಮಂದಿರು, ಹೊಂದ್ಕೊಂಡಿರ್ತವೆ" ಎಂದು ಅಂಗಡಿಯವನು ಬೆಳಗ್ಗೆಯಷ್ಟೇ ಕೊಟ್ಟು ಕಳಿಸಿದ್ದ ಜೋಡಿ. ಈಗ ಎರಡೂ ಹಲ್ಲು ಕಟಕಟಿಸುತ್ತ ಒಂದರ ಮೇಲೊಂದು ಉರುಳಾಡುತ್ತಿದ್ದವು. ಹಾಸಿದ ಹುಲ್ಲೆಲ್ಲ ರಕ್ತವಾಗಿತ್ತು. ಯಾವುದೋ ಒಂದರ ಹಲ್ಲು ಅವಳ ಹೆಬ್ಬೆರಳಿಗೆ ಇಳಿಯಿತು. ಅವಳು ಕೈ ತೆಗೆಯಲಿಲ್ಲ.

ಗಂಡ ಬಟ್ಟೆ ಅಳೆಯುವ ಮರದ ಕೋಲು ಹಿಡಿದು ಬಂದ. "ಕೈ ತೆಗಿಯೇ! ನಾಲ್ಕು ಬಿಟ್ರೆ ತೆಪ್ಪಗಾಗ್ತವೆ."

"ಹೊಡೀಬೇಡಿ, ನಿಮ್ಮ ದಮ್ಮಯ್ಯ, ಸತ್ತುಹೋಗ್ತವೆ!"

ಮೊದಲ ಏಟು ಗೂಡಿನ ಕಂಬಿಗೆ ಬಿತ್ತು. ಎರಡನೆಯದು ತೆರೆದ ಬಾಗಿಲಲ್ಲಿದ್ದ ಅವಳ ಮಣಿಕಟ್ಟಿಗೆ. ನೋವಿನಿಂದ ಕಣ್ಣು ಕತ್ತಲೆಯಿಟ್ಟರೂ ಅವನ ಮುಖ ಸ್ಪಷ್ಟವಾಗಿ ಕಂಡಿತು. ಗುರಿ ತಪ್ಪಿ ಬಿದ್ದ ಏಟಲ್ಲ ಅದು. ಈ ಮನೆಯಲ್ಲಿ ಅವಳಿಗೆ ಬಿದ್ದ ಯಾವ ಏಟೂ ಗುರಿ ತಪ್ಪಿ ಬಿದ್ದದ್ದಲ್ಲ.

ಅವಳು ಕಂದು ಮರಿಯನ್ನು ಹೊರಗೆಳೆದು ಎದೆಗವಚಿಕೊಂಡಳು. ಮೂರನೆಯ ಬಾರಿ ಎತ್ತಿದ ಕೋಲನ್ನು ರಕ್ತ ಸೋರುವ ಕೈಯಿಂದಲೇ ಕಿತ್ತುಕೊಂಡು ಅವನ ಮೊಣಕೈಗೆ ಬೀಸಿದಳು. ಕೋಲು ಎರಡು ತುಂಡಾಯಿತು. ಅವನು ಕೈ ಹಿಡಿದುಕೊಂಡು ಗೋಡೆಗೆ ಒರಗಿದ.

ಮದುವೆಯಾದ ಮೇಲೆ ಮೊದಲ ಸಲ ಅವಳು ಗಂಡನನ್ನು ಏಕವಚನದಲ್ಲಿ ಮಾತಾಡಿಸಿದಳು.

"ನಡಿ ಆಚೆಗೆ."