ಬಿಡ್ಲಾ?

"ಅಲ್ಲಾಡಿಸ್ಬೇಡ ಕಣೇ, ಒಂದೇ ನಿಮಿಷ," ಎಂದಮೇಲೆ ಲಿಫ್ಟ್ ಮೆಕ್ಯಾನಿಕ್‌ಗೆ ನೆನಪಾಯಿತು, ಮೇಜಿನ ಆಚೆ ಇದ್ದದ್ದು ಹೆಂಡತಿಯಲ್ಲ, ಕ್ಲಿಪ್ ಸ್ಟ್ಯಾಂಡು. ಅವನು ತನ್ನ ಅಗ್ಗದ ಎಲೆಕ್ಟ್ರಿಕ್ ಗಿಟಾರಿಗೆ ಗುಜರಿಯಿಂದ ತಂದ, ತಂತಿಗಳ ದನಿ ಹಿಡಿಯುವ ಪಿಕಪ್ ಕೂರಿಸುತ್ತಿದ್ದ. ಅದರ ಕೂದಲೆಳೆಯಂಥ ವೈರನ್ನು ಕ್ಲಿಪ್ಪು ಕಚ್ಚಿ ಹಿಡಿದಿತ್ತು.

ಮೊದಲೆಲ್ಲ ವೈರು ಹಿಡಿಯುತ್ತಿದ್ದವಳು ಅವಳು. ಬೆಸುಗೆಯ ಹೊಗೆಗೆ ಮುಖ ತಿರುಗಿಸಿಕೊಂಡು, ಗಳಿಗೆಗೊಮ್ಮೆ "ಬಿಡ್ಲಾ?" ಎಂದು ಕೇಳುತ್ತಿದ್ದಳು. "ತಡಿಯೇ, ಇನ್ನೂ ಆರಿಲ್ಲ," ಎಂದು ಇವನು ತಲೆಯೆತ್ತದೆ ರೇಗುತ್ತಿದ್ದ. ಹೋದ ತಿಂಗಳು ಬಟ್ಟೆಬರೆ ತುಂಬಿಕೊಂಡು ತಂಗಿಯ ಮನೆಗೆ ಹೊರಟುಹೋದಾಗ ಮಾತ್ರ ಅವಳು ಕೇಳಿರಲಿಲ್ಲ.

ಬೆಸುಗೆ ಆರಿತು. ಊದಿ ನೋಡಿದ, ಉಗುರಿನಿಂದ ಮುಟ್ಟಿ ನೋಡಿದ, ಗಟ್ಟಿಯಾಗಿ ಕೂತಿತ್ತು.

"ಆಯ್ತು, ಈಗ ಬಿಡು," ಎಂದು ಮೆಲ್ಲಗೆ ಅಂದ.

ಕ್ಲಿಪ್ಪು ಬಿಡಲಿಲ್ಲ.