ವಿಯೆನ್ನಾದಿಂದ ಲಿಸ್ಬನ್‌ಗೆ ಒಂದೂವರೆ ಗಂಟೆ

“ಶುದ್ಧ ಸುಳ್ಳು,” ಎಂದು ಡಾಕ್ಟರ್ ಬಾಲಸುಬ್ರಹ್ಮಣ್ಯ ಹಲ್ಲು ಕಡಿದರು. ಕೈಯಲ್ಲಿದ್ದ ಬಿಸಿಬೇಳೆಬಾತಿನ ತಟ್ಟೆಯನ್ನು ಕುಕ್ಕಿ ಇಟ್ಟರು.

“ಮೆಲ್ಲಗೆ ರೀ,” ಎಂದರು ಪಕ್ಕದಲ್ಲಿದ್ದ ಹೆಂಡತಿ ಸುಶೀಲಾ.

ಅಟ್ಲಾಂಟಾ ಪಕ್ಕದ ಜಾನ್ಸ್ ಕ್ರೀಕ್‌ನ ಕ್ಲಬ್‌ಹೌಸಿನಲ್ಲಿ ಕನ್ನಡ ಬಳಗದ ಭಾನುವಾರದ ಊಟ. ಪರದೆಯ ಪಕ್ಕ ನಿಂತ ಗುರುದತ್ ತನ್ನ ಯೂರೋಪ್ ಪ್ರವಾಸದ ಚಿತ್ರಗಳನ್ನು ತೋರಿಸುತ್ತಿದ್ದ. “ವಿಯೆನ್ನಾದಿಂದ ಲಿಸ್ಬನ್‌ಗೆ ಫ್ಲೈಟ್ ಬರೀ ಒಂದೂವರೆ ಗಂಟೆ. ಕಾಫಿ ಕೊಟ್ರು, ಅದು ಆರೋದ್ರೊಳಗೆ ಲ್ಯಾಂಡ್ ಆಗಿತ್ತು!”

ಜನ ಗೊಳ್ಳೆಂದು ನಕ್ಕರು. ಆ ಹಾಸ್ಯವನ್ನು ಎಲ್ಲೋ ಕೇಳಿದ್ದಂತೆ ಡಾಕ್ಟರಿಗೆ ಅನ್ನಿಸಿತು. ಯಾರದೋ ಕದ್ದಿರಬೇಕು, ಭಂಡ.

ಹೊಟ್ಟೆ ಉರಿಯಲು ಕಾರಣವಿತ್ತು. ಹೋದ ವರ್ಷ, 2023ರಲ್ಲಿ, ಇದೇ ಪರದೆಯ ಮೇಲೆ ಯೂರೋಪ್ ತೋರಿಸಿ ಚಪ್ಪಾಳೆ ಗಿಟ್ಟಿಸಿದವರು ಅವರು. ಬರುವ ಬೇಸಿಗೆಯಲ್ಲಿ ಬಳಗದ ಹನ್ನೆರಡು ದಂಪತಿಗಳನ್ನು ಅಲ್ಲಿಗೆ ಕರೆದೊಯ್ಯುವ ಮುಂದಾಳು ತಾನೇ ಎಂದು ಊರಿಗೆಲ್ಲ ಹೇಳಿಕೊಂಡೂ ಆಗಿತ್ತು. ಈಗ ನೋಡಿದರೆ ಬಳಗದ ಅಧ್ಯಕ್ಷೆ ಮಹಾದೇವಕ್ಕ ಈ ಗುರುದತ್‌ನ ಮಾತಿಗೆ ತಲೆದೂಗುತ್ತಿದ್ದಾರೆ. ಹೋದ ವರ್ಷವಷ್ಟೇ ಬಳಗಕ್ಕೆ ಬಂದವನು!

ಡಾಕ್ಟರು ಚಿತ್ರಗಳನ್ನು ದಿಟ್ಟಿಸಿದರು. ಗೋಪುರ, ಸೇತುವೆ, ಟ್ರಾಮ್. ಒಂದರಲ್ಲೂ ಗುರುದತ್ ಇಲ್ಲ. ಹಾವಿನ ಹೆಜ್ಜೆ ಹಾವೇ ಬಲ್ಲದು. ಇವನು ಅಲ್ಲಿಗೆ ಹೋಗೇ ಇಲ್ಲ ಎಂದು ಅವರಿಗೆ ತಟ್ಟನೆ ಹೊಳೆಯಿತು. ಫೋನ್ ತೆಗೆದು ಹುಡುಕಿದರು.

“ಬೇಡ ರೀ, ನಿಮ್ಮ ದಮ್ಮಯ್ಯ.” ಸುಶೀಲಾ ತೋಳು ಹಿಡಿದರು. “ಯಾರು ಎಲ್ಲಿಗೆ ಹೋದ್ರೆ ನಮಗೇನು? ಮನೆಗೆ ಹೋಗೋಣ.” ಅವರ ಮುಖ ಬಿಳಿಚಿಕೊಂಡಿತ್ತು.

“ನೀನು ಸುಮ್ನಿರು.” ಡಾಕ್ಟರು ಕೈ ಕೊಡವಿಕೊಂಡು ಎದ್ದೇಬಿಟ್ಟರು. “ಮಹಾದೇವಕ್ಕ, ಇದನ್ನ ಸ್ವಲ್ಪ ಜೋರಾಗಿ ಓದಿ. ಎಲ್ಲರಿಗೂ ಕೇಳಲಿ.”

ಮಹಾದೇವಕ್ಕ ಕನ್ನಡಕ ಏರಿಸಿ ಫೋನ್ ನೋಡಿದರು. “ವಿಯೆನ್ನಾದಿಂದ ಲಿಸ್ಬನ್. ಸುಮಾರು ಎರಡು ಸಾವಿರದ ಮುನ್ನೂರು ಕಿಲೋಮೀಟರ್. ಮೂರೂಮುಕ್ಕಾಲು ಗಂಟೆ.”

“ಕೇಳಿದ್ರಾ? ನಿಜವಾಗಿ ಹೋಗಿ ಬಂದವರು ಯಾರೂ ಒಂದೂವರೆ ಗಂಟೆ ಅನ್ನಲ್ಲ! ಈ ಮನುಷ್ಯ ಅಟ್ಲಾಂಟಾ ಬಿಟ್ಟು ಕದಲಿಲ್ಲ. ನಮ್ಮ ಕಿವಿ ಮೇಲೆ ಹೂವಿಡ್ತೀರಾ ಗುರುದತ್? ನಾಚಿಕೆ ಆಗಬೇಕು ನಿಮಗೆ! ಇಂಥ ಸುಳ್ಳುಗಾರ ಈ ಬಳಗದಲ್ಲಿ ಇರಬಾರದು!”

ಗುರುದತ್ ಪ್ರೊಜೆಕ್ಟರ್ ಆರಿಸಿದ. ಅವನ ಕಿವಿ ಕೆಂಪಾಗಿತ್ತು.

“ನಿಜ ಡಾಕ್ಟ್ರೇ, ನಾನು ಹೋಗಿಲ್ಲ. ಕೆಲಸ ಹೋಗಿತ್ತು. ಯಾರಿಗೂ ಮುಖ ತೋರಿಸೋಕಾಗದೆ ಮೂರು ವಾರ ಮನೆ ಬಾಗಿಲು ಹಾಕ್ಕೊಂಡಿದ್ದೆ. ಕೇಳಿದವರಿಗೆ ಯೂರೋಪ್ ಅಂದ್ಬಿಟ್ಟೆ.”

ಡಾಕ್ಟರು ಗೆದ್ದ ನಗೆ ನಕ್ಕು ಸಭೆಯತ್ತ ತಿರುಗಿದರು. ಸುಶೀಲಾ ಆಗಲೇ ಬಾಗಿಲ ಬಳಿ ನಿಂತು ಬ್ಯಾಗಿನಲ್ಲಿ ಕಾರಿನ ಕೀಲಿ ಹುಡುಕುತ್ತಿದ್ದರು.

“ಆದ್ರೆ ಆ ಒಂದೂವರೆ ಗಂಟೆ ನನ್ನದಲ್ಲ ಡಾಕ್ಟ್ರೇ, ಕಾಫಿ ಜೋಕೂ ನನ್ನದಲ್ಲ. ಹೋದ ವರ್ಷ ನೀವು ಇಲ್ಲೇ ನಿಂತು ಹೇಳಿದ್ದನ್ನ ಹಾಗೇ ಬರ್ಕೊಂಡಿದ್ದೆ.”