ನಿಂತಲ್ಲೇ ನಿಲ್ಬೇಕು

ಮೆಟ್ರೋ ರೈಲಿನ ಬಾಗಿಲು ಮುಚ್ಚಿಕೊಂಡಿತು. ಹುಡುಗಿ ಒಳಗೆ, ಅವಳನ್ನು ಮೊದಲ ಸಲ ಮಹಾನಗರ ತೋರಿಸಲು ಕರೆತಂದ ಚಿಕ್ಕಮ್ಮ ಪ್ಲಾಟ್‌ಫಾರಂ ಮೇಲೆ. ಗಾಜಿನಾಚೆ ಹುಡುಗಿ ಏನೋ ಅಂದಳು, ಅಷ್ಟರಲ್ಲಿ ರೈಲು ಹೋಗಿಯೇಬಿಟ್ಟಿತು.

ಚಿಕ್ಕಮ್ಮ ತನ್ನನ್ನೇ ಕೇಳಿಕೊಂಡಳು: ಇನ್ನು ಅಕ್ಕನಿಗೆ ಯಾವ ಮುಖ ತೋರಿಸುವುದು? ಬೆಳಿಗ್ಗೆಯಿಂದ ಹುಡುಗಿಯ ಮಣಿಕಟ್ಟು ಬಿಡದೆ, ಗಿಳಿಗೆ ಹೇಳಿದ ಹಾಗೆ ಹೇಳಿದ್ದಳು: "ಕಳೆದುಹೋದೋರು ನಿಂತಲ್ಲೇ ನಿಲ್ಬೇಕು. ಇನ್ನೊಬ್ರು ಹುಡುಕ್ಕೊಂಡು ಬರ್ತಾರೆ." ಈಗ ಹುಡುಕಲು ಹೊರಡಬೇಕಾದ ಕಾಲುಗಳೇ, ಹೊಲಿಗೆ ಹಾಕಿದಂತೆ, ನೆಲಕ್ಕೆ ಅಂಟಿದ್ದವು.

ಸ್ವಲ್ಪ ಹೊತ್ತಿಗೆ ಎದುರಿನ ಹಳಿಗೆ ಇನ್ನೊಂದು ರೈಲು ಬಂತು. ಮುಂದಿನ ನಿಲ್ದಾಣದಲ್ಲಿ ರೈಲು ಬದಲಿಸಿದ್ದ ಹುಡುಗಿ ಅದರಿಂದ ಇಳಿದು ನಿಧಾನವಾಗಿ ನಡೆದುಬಂದಳು.

"ನಿಂತಲ್ಲೇ ನಿಲ್ಲು ಅಂದಿರ್ಲಿಲ್ವೇನೇ?" ಚಿಕ್ಕಮ್ಮ ಗದರಿದಳು.

"ನೀನು ನಿಂತಿದ್ಯಲ್ಲ, ಚಿಕ್ಕಮ್ಮ. ಅದಕ್ಕೇ ನಾನು ಹುಡುಕ್ಕೊಂಡು ಬಂದೆ," ಎಂದು ಹುಡುಗಿ ಅವಳ ಮಣಿಕಟ್ಟು ಹಿಡಿದುಕೊಂಡಳು.